ನಾಲ್ಕು ಗಂಟೆ, ಮೂರು ದೀಪ, ಮೂರು ಮುಖ

ಪ್ರಶ್ನೆ: ನಾವು ಹಾಸನದ ಹವ್ಯಾಸಿ ರಂಗತಂಡದವರು. ನಮ್ಮದೇ ನಾಟಕದ ಏಳು ಪುಟಗಳ ನಡುಮನೆ ದೃಶ್ಯವೊಂದನ್ನು ವಿಡಿಯೊ ಮಾಡುತ್ತಿದ್ದೇವೆ. ಬಿ.ಎಂ. ರಸ್ತೆಯಲ್ಲಿ ಮಹಡಿಯ ಮೇಲಿನ ಫೋಟೊ ಸ್ಟುಡಿಯೊ ಭಾನುವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಮಾತ್ರ ಸಿಗುತ್ತದೆ. ಕೋಣೆ 14 ಅಡಿ ಅಗಲ, 22 ಅಡಿ ಉದ್ದ. ಸೂರು 10 ಅಡಿ. ನಮ್ಮಲ್ಲಿರುವುದು ಮೂರು ಅಡಿಯ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದುವಾಗಿಸುವ ಬಿಳಿ ಬಟ್ಟೆಯ ಪೆಟ್ಟಿಗೆ) ಇರುವ ಒಂದು 150 ವ್ಯಾಟ್ ಎಲ್‌ಇಡಿ, ಎರಡು ಚಿಕ್ಕ ಎಲ್‌ಇಡಿ ಪ್ಯಾನೆಲ್, ಮದುವೆ ವಿಡಿಯೊದವರಿಂದ ತಂದ ಎರಡು 1000 ವ್ಯಾಟ್ ಹ್ಯಾಲೊಜನ್. ಪಾತ್ರಗಳು ಮೂರು: ಬಿಳಿ ಪಂಚೆ, ಬಿಳಿ ಅಂಗಿಯ ಅಪ್ಪ (ಬೋಳುತಲೆ, ಬೆಳ್ಳನೆಯ ಮೈಬಣ್ಣ), ಕಪ್ಪು ಮೈಬಣ್ಣದ ಮಗಳು, ಕನ್ನಡಕದ ಬ್ಯಾಂಕ್ ನೌಕರ. ಕಳೆದ ಬಾರಿ ಬೆಳಕಿಗೇ ಎರಡು ಗಂಟೆ ಹೋಯಿತು. ಆದರೂ ಮುಖಗಳು ಪಾಸ್‌ಪೋರ್ಟ್ ಫೋಟೊದಂತೆ ಚಪ್ಪಟೆ, ಗೋಡೆಯ ಮೇಲೆ ನೆರಳು, ಕನ್ನಡಕದಲ್ಲಿ ಬಿಳಿ ಚೌಕ. ಮಗಳ ಮುಖಕ್ಕೆ ಬೆಳಕು ಹೆಚ್ಚಿಸಿದರೆ ಅಪ್ಪನ ಅಂಗಿ ಸುಟ್ಟುಹೋದಂತೆ ಬಿಳುಪಾಯಿತು. ಮೊಬೈಲ್‌ನಲ್ಲಿ ತೆಗೆದ ಶಾಟ್‌ಗಳಲ್ಲಿ ಪಟ್ಟೆಗಳು ಓಡುತ್ತಿದ್ದವು. ಪಶ್ಚಿಮಕ್ಕೆ ಒಂದು ಕಿಟಕಿ ಇದೆ, ಅದನ್ನು ಬಳಸಬಹುದೇ? ಕಡಿಮೆ ಸಮಯದಲ್ಲಿ ಬೆಳಕು ಮಾಡುವುದು ಹೇಗೆ ಸರ್?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ಎರಡು ಗಂಟೆ’ ಎಂಬ ಮಾತು. ಆ ಎರಡು ಗಂಟೆಯಲ್ಲಿ ಏನು ನಡೆದಿರಬಹುದು ಎಂದು ಊಹಿಸಬಲ್ಲೆ. ಒಂದು ಶಾಟ್‌ಗೆ ದೀಪ ಇಟ್ಟಿರಿ, ತೆಗೆದಿರಿ. ಕ್ಯಾಮೆರಾ ಜರುಗಿತು, ದೀಪಗಳೂ ಅದರ ಹಿಂದೆ ಹೊರಟವು. ನಾನೂ ಮದುವೆ ವಿಡಿಯೊದಿಂದಲೇ ಈ ಕೆಲಸಕ್ಕೆ ಬಂದವನು. ಅಲ್ಲಿ ದೀಪ ಹಿಡಿದ ಹುಡುಗ ಕ್ಯಾಮೆರಾದವನ ಭುಜಕ್ಕೆ ಅಂಟಿಕೊಂಡೇ ಓಡಾಡುತ್ತಾನೆ. ಆ ಚಾಳಿ ಬಿಡಲು ನನಗೆ ವರ್ಷಗಳೇ ಬೇಕಾದವು. ಕ್ಯಾಮೆರಾದ ಪಕ್ಕದಿಂದ ಬಂದ ಬೆಳಕು ಮುಖವನ್ನು ಚಪ್ಪಟೆ ಮಾಡುತ್ತದೆ, ನೆರಳನ್ನು ನೇರವಾಗಿ ಹಿಂದಿನ ಗೋಡೆಗೆ ಬಳಿಯುತ್ತದೆ. ನಿಮ್ಮ ಮೊದಲ ಎರಡು ದೂರುಗಳ ಮೂಲ ಅದೇ.

ಸಮಯದ ಲೆಕ್ಕವನ್ನೂ ಮಾಡಿಬಿಡೋಣ. ಏಳು ಪುಟಕ್ಕೆ ಕಡಿಮೆ ಎಂದರೂ ಮೂವತ್ತು ಶಾಟ್ ಹಿಡಿಯಿರಿ. ಪ್ರತಿ ಶಾಟ್‌ಗೂ ದೀಪ ಸರಿಪಡಿಸಲು ಹತ್ತು ನಿಮಿಷ ಎಂದರೆ 300 ನಿಮಿಷ. ನಿಮ್ಮ ಕೈಯಲ್ಲಿರುವುದು 240. ನಟರು ಬಾಯಿ ತೆರೆಯುವ ಮೊದಲೇ ಒಂದು ಗಂಟೆ ಸಾಲ! ಆದ್ದರಿಂದ ಶಾಟ್‌ಗೆ ಬೆಳಕು ಮಾಡುವುದನ್ನು ಬಿಡಿ, ಜಾಗಕ್ಕೆ ಬೆಳಕು ಮಾಡಿ. ದೀಪಗಳನ್ನು ಒಮ್ಮೆ ಇಟ್ಟರೆ ಇಟ್ಟ ಹಾಗೆಯೇ ಇರಬೇಕು. ಓಡಾಡಬೇಕಾದದ್ದು ಕ್ಯಾಮೆರಾ, ಅಗತ್ಯ ಬಿದ್ದರೆ ಅರ್ಧ ಅಡಿ ನಟರು.

ಅದಕ್ಕೆ ಒಂದು ಹಳೆಯ ಉಪಾಯವಿದೆ, ಕ್ರಾಸ್ ಕೀ ಎನ್ನುತ್ತೇವೆ. ಒಬ್ಬರ ಮುಖಕ್ಕೆ ಬೀಳುವ ದೀಪವೇ ಎದುರಿಗಿರುವವರ ಬೆನ್ನಿಗೂ ಬೀಳುವಂತೆ ಇಡುವುದು. ನಿಮ್ಮ ಕೋಣೆಗೆ ಅದನ್ನು ಹೊಂದಿಸಿ ಹೇಳುತ್ತೇನೆ. 14 ಅಡಿಯ ಗೋಡೆಯನ್ನು ಹಿನ್ನೆಲೆ ಮಾಡಿಕೊಳ್ಳಿ, ಆಗ 22 ಅಡಿ ಆಳ ಸಿಗುತ್ತದೆ. ಮೇಜು ಕುರ್ಚಿಗಳನ್ನು ಗೋಡೆಗೆ ಒತ್ತಬೇಡಿ, ಎಂಟು ಅಡಿ ಮುಂದಕ್ಕೆ ಎಳೆಯಿರಿ. ಕ್ಯಾಮೆರಾದಿಂದ ನೋಡಿದರೆ ಮಗಳು ಎಡಕ್ಕೆ, ಅಪ್ಪ ಬಲಕ್ಕೆ, ನಡುವೆ ಮೇಜು, ಇಬ್ಬರ ನಡುವೆ ಸುಮಾರು ನಾಲ್ಕು ಅಡಿ. ಈಗ ಸಾಫ್ಟ್‌ಬಾಕ್ಸನ್ನು ಅಪ್ಪನ ಬೆನ್ನ ಹಿಂದೆ, ಬಲ ಮೂಲೆಯ ಕಡೆಗೆ, ಫ್ರೇಮ್‌ನ ಆಚೆಗೆ ಇಡಿ. ನಟರಿಬ್ಬರೂ ಕುಳಿತ ಸಾಲಿಗಿಂತ ಅದು ಒಂದೆರಡು ಅಡಿ ಗೋಡೆಯ ಕಡೆಗಿರಲಿ. ಅದು ಮಗಳ ಮುಖ ನೋಡುತ್ತದೆ, ಹೋಗುವ ದಾರಿಯಲ್ಲಿ ಅಪ್ಪನ ಭುಜಕ್ಕೊಂದು ಬೆಳಕಿನ ಅಂಚು ಕೊಡುತ್ತದೆ. ಎಡ ಮೂಲೆಯಲ್ಲಿ ಎರಡೂ ಪ್ಯಾನೆಲ್‌ಗಳನ್ನು ಒಂದೇ ಸ್ಟ್ಯಾಂಡಿಗೆ ಕಟ್ಟಿ, ಎರಡಡಿ ಮುಂದೆ ಬಟರ್ ಪೇಪರ್ ಅಥವಾ ಬಿಳಿ ಪಂಚೆಯ ಪರದೆ ಇಳಿಬಿಡಿ. ಅದು ಅಪ್ಪನ ಮುಖದ ದೀಪ, ಮಗಳ ಕೂದಲಿನ ಅಂಚಿನ ದೀಪ. ಪಂಚೆ ನೀಲಿ ಹಾಕಿ ಒಗೆದದ್ದಾಗಿರಬಾರದು. ಬಟ್ಟೆಯಲ್ಲಿ ಉಳಿದ ನೀಲಿ ಮುಖಕ್ಕೂ ಬರುತ್ತದೆ.

ಇದರ ಲಾಭ ನೋಡಿ. ಎರಡೂ ದೀಪ ನಟರ ಹಿಂಬದಿಯ ಓರೆಯಿಂದ ಬರುವುದರಿಂದ ನೆರಳು ಕ್ಯಾಮೆರಾದ ಕಡೆಗೆ, ನೆಲಕ್ಕೆ ಬೀಳುತ್ತದೆ. ಗೋಡೆಯ ಮೇಲೆ ನೆರಳೇ ಇಲ್ಲ. ಮುಖದ ಆಚೆಯ ಕೆನ್ನೆ ಬೆಳಗುತ್ತದೆ, ಕ್ಯಾಮೆರಾಕ್ಕೆ ಹತ್ತಿರದ ಕೆನ್ನೆ ತುಸು ಮಬ್ಬಾಗುತ್ತದೆ. ಮೂಗಿಗೆ ಮೂಗಿನ ಆಕಾರ ಬರುವುದು ಆಗ. ಹಳೇಬೀಡಿನ ಗೋಡೆಯ ಶಿಲ್ಪಗಳನ್ನು ಮೋಡದ ಮಧ್ಯಾಹ್ನ ಒಮ್ಮೆ, ಓರೆ ಬಿಸಿಲಿನಲ್ಲಿ ಒಮ್ಮೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓರೆ ಬಿಸಿಲು ಬಿದ್ದಾಗ ಕೊರಳಿನ ಸರದ ಒಂದೊಂದು ಮಣಿಯೂ ಕಲ್ಲಿನಿಂದ ಎದ್ದು ನಿಲ್ಲುತ್ತದೆ, ಮೋಡ ಕವಿದಾಗ ಅದೇ ಸರ ಗೆರೆ ಎಳೆದಂತೆ ಕಾಣುತ್ತದೆ. ಇನ್ನೊಂದು ಲಾಭ ನಿಮ್ಮ ಗಡಿಯಾರಕ್ಕೆ: ಅಪ್ಪನ ಭುಜದ ಮೇಲಿಂದ ಮಗಳು, ಮಗಳ ಭುಜದ ಮೇಲಿಂದ ಅಪ್ಪ, ಇಬ್ಬರೂ ಕಾಣುವ ಅಗಲದ ಶಾಟ್, ಮೂರಕ್ಕೂ ದೀಪ ಮುಟ್ಟಬೇಕಾಗಿಲ್ಲ. ಕ್ಯಾಮೆರಾ ಮಾತ್ರ ಮೇಜಿನ ಈಚೆಯ ಬದಿಯಲ್ಲೇ ಉಳಿಯಬೇಕು. ಆಚೆಗೆ ದಾಟಿದರೆ ನೋಟದ ದಿಕ್ಕೂ ಕೆಡುತ್ತದೆ, ಬೆಳಕೂ ಕೆಡುತ್ತದೆ.

ತೊಡಕು ಇಲ್ಲದಿಲ್ಲ. ಸಾಫ್ಟ್‌ಬಾಕ್ಸ್ ಮಗಳಿಗೆ ಎಂಟು ಅಡಿ ದೂರವಿದ್ದರೆ ಅಪ್ಪನ ಬೆನ್ನಿಗೆ ನಾಲ್ಕೇ ಅಡಿ. ದೂರ ಅರ್ಧವಾದರೆ ಬೆಳಕು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಕ್ಯಾಮೆರಾದ ಲೆಕ್ಕದಲ್ಲಿ ಎರಡು ಸ್ಟಾಪ್, ಒಂದೊಂದು ಸ್ಟಾಪ್‌ಗೂ ಬೆಳಕು ಇಮ್ಮಡಿ. ಬಿಳಿ ಅಂಗಿ, ಬೋಳುತಲೆ, ಮೇಲೆ ನಾಲ್ಕು ಪಟ್ಟು ಬೆಳಕು ಎಂದರೆ ಅಪ್ಪನ ಬದಲು ಟ್ಯೂಬ್‌ಲೈಟೊಂದು ಕುಳಿತಂತೆ ಕಾಣುತ್ತದೆ. ಇಲ್ಲಿ ಬೇಕಾದದ್ದು ಇನ್ನೊಂದು ದೀಪವಲ್ಲ, ಒಂದು ತುಂಡು ಕಪ್ಪು ಬಟ್ಟೆ. ಸೆಟ್‌ನಲ್ಲಿ ಅದಕ್ಕೆ ಕಟ್ಟರ್ ಎನ್ನುತ್ತಾರೆ. ಸ್ಟ್ಯಾಂಡಿಗೆ ಅಡ್ಡ ಕೋಲು ಕಟ್ಟಿ, ಬಟ್ಟೆ ಇಳಿಬಿಟ್ಟು, ಅಪ್ಪನಿಗೂ ದೀಪಕ್ಕೂ ನಡುವೆ ಮೆಲ್ಲನೆ ಏರಿಸುತ್ತಾ ಬನ್ನಿ. ಭುಜದ ಮೇಲಿನ ಬೆಳಕು ಇಳಿಯುತ್ತದೆ. ಮಗಳ ಮುಖಕ್ಕೆ ಹೋಗುವ ಬೆಳಕು ಬಟ್ಟೆಯ ಮೇಲಿಂದ ದಾಟಿ ಹೋಗುತ್ತಿರಬೇಕು. ಅದು ಹೋಗಲು ದಾರಿ ಬೇಕಾದ್ದರಿಂದ ಸಾಫ್ಟ್‌ಬಾಕ್ಸ್ ಎತ್ತರದಲ್ಲಿರಲಿ, ಮೇಲಂಚು ಸೂರಿಗೆ ತಾಗುವಷ್ಟಾದರೂ ಚಿಂತೆಯಿಲ್ಲ. ಮೂತಿಯನ್ನು ಅಪ್ಪನಿಂದ ಆಚೆಗೆ, ಮಗಳ ಕಡೆಗೆ ತುಸು ತಿರುಗಿಸಿದರೆ ಕಟ್ಟರ್‌ನ ಕೆಲಸವೂ ಹಗುರ.

ಅಪ್ಪನ ಅಂಗಿ ಪಂಚೆಯನ್ನು ಶನಿವಾರವೇ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ. ಬಿಳಿಯ ಕಣ್ಣುಕುಕ್ಕುವಿಕೆ ಇಳಿಯುತ್ತದೆ, ಕ್ಯಾಮೆರಾಕ್ಕೆ ಬಿಳಿಯಾಗಿಯೇ ಕಾಣುತ್ತದೆ. ವಸ್ತ್ರವಿನ್ಯಾಸದವರು ಬಹಳ ಕಾಲದಿಂದ ಮಾಡಿಕೊಂಡು ಬಂದ ಉಪಾಯ ಇದು. ನಾನು ಚಿಕ್ಕಮಗಳೂರಿನವನಾಗಿ ಟೀ ಎನ್ನುವುದಕ್ಕೆ ಊರವರು ಬೇಸರಿಸಬಾರದು.

ಮಗಳ ಮುಖದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಮ್ಮವರು ಮಾಡುವ ತಪ್ಪು ನನಗೆ ಸಿಟ್ಟನ್ನೇ ತರಿಸುತ್ತದೆ. ಕಪ್ಪು ಮುಖ ಕಂಡ ಕೂಡಲೇ ಒಂದು ಪದರ ಪೌಡರ್ ಬಳಿಯುತ್ತಾರೆ, ಎದುರಿಗೆ ಇನ್ನೊಂದು ದೀಪ ಹಚ್ಚುತ್ತಾರೆ. ಬೂದಿ ಬಡಿದಂತಾಗುತ್ತದೆ ಅಷ್ಟೇ. ಬೇಲೂರು ದೇಗುಲದ ನವರಂಗದಲ್ಲಿ, ಎಂದರೆ ಒಳಮಂಟಪದಲ್ಲಿ, ಕಡೆದು ನಿಲ್ಲಿಸಿದ ಕಂಬಗಳನ್ನು ನೆನೆಯಿರಿ. 1117ರಲ್ಲಿ ಪ್ರತಿಷ್ಠೆಯಾದ ದೇಗುಲ, ಒಳಗೆ ಅರೆಗತ್ತಲೆ, ಕಂಬದ ಕಲ್ಲು ಹೆಚ್ಚುಕಡಿಮೆ ಕಪ್ಪು. ಆದರೂ ಅದರ ಒಂದೊಂದು ಬಳೆಯೂ ಎಣಿಸುವಷ್ಟು ಸ್ಪಷ್ಟ. ಬಾಗಿಲಿನಿಂದ ಬಂದ ಬೆಳಕು ನುಣುಪಾದ ಕಲ್ಲಿನ ಮೇಲೆ ಹೊಳಪಿನ ಗೆರೆಯಾಗಿ ಇಳಿದಿರುತ್ತದೆ, ಆ ಗೆರೆ ಕಂಬದ ಆಕಾರವನ್ನೆಲ್ಲ ಹೇಳುತ್ತದೆ. ಕಪ್ಪು ಮೈಬಣ್ಣದ ಸೊಬಗೂ ಇಂಥ ಹೊಳಪಿನಲ್ಲೇ ಇರುವುದು. ಅದಕ್ಕೆ ಬೇಕಾದದ್ದು ದೊಡ್ಡದಾದ, ಪಕ್ಕದಿಂದ ಬರುವ ಬೆಳಕು. ಕಿರಿದಾದ ಪ್ಯಾನೆಲ್ ಹಣೆಯ ಮೇಲೊಂದು ಬಿಳಿ ಚುಕ್ಕೆ ಹಾಕುತ್ತದೆ. ಮೂರಡಿಯ ಸಾಫ್ಟ್‌ಬಾಕ್ಸ್ ಕೆನ್ನೆಯೆಲುಬಿನ ಉದ್ದಕ್ಕೂ ಮೃದುವಾದ ಪಟ್ಟಿಯೊಂದನ್ನು ಇಳಿಸುತ್ತದೆ. ಆ ಕಾರಣಕ್ಕೇ ದೊಡ್ಡ ದೀಪವನ್ನು ಮಗಳಿಗೆ ಕೊಟ್ಟದ್ದು. ಪೌಡರ್ ಬೇಡ, ತೆಳುವಾಗಿ ಮಾಯಿಶ್ಚರೈಸರ್ ಸಾಕು. ಪೌಡರ್ ಅಪ್ಪನ ತಲೆಗೆ ಇರಲಿ.

ಬೆಳಕಿನ ಅಳತೆಯನ್ನು ಮಗಳ ಮುಖಕ್ಕೆ ಹೊಂದಿಸಿ, ಆಮೇಲೆ ಅಪ್ಪನನ್ನು ಇಳಿಸಿ: ಪ್ಯಾನೆಲ್‌ಗಳ ಉರಿ ತಗ್ಗಿಸಿ ಅಥವಾ ಪಂಚೆಯನ್ನು ಎರಡು ಮಡಿಕೆ ಮಾಡಿ. ಕಳೆದ ಬಾರಿ ನೀವು ಎಲ್ಲರಿಗೂ ಒಟ್ಟಿಗೆ ಬೆಳಕು ಏರಿಸಿದಿರಿ, ಆದ್ದರಿಂದ ಅಂಗಿ ಸುಟ್ಟಿತು.

ಬ್ಯಾಂಕಿನವರನ್ನು ಎಲ್ಲಿ ನಿಲ್ಲಿಸುತ್ತೀರಿ? ಮೇಜಿನ ಆಚೆ, ಇಬ್ಬರ ನಡುವೆ, ಕ್ಯಾಮೆರಾಕ್ಕೆ ಮುಖ ಮಾಡಿ ನಿಲ್ಲಿಸಿದರೆ ಕೆಟ್ಟಿತು. ಎರಡೂ ದೀಪ ಕಿವಿಗೆ ಬೀಳುತ್ತವೆ, ಮುಖ ಕತ್ತಲೆ. ಮಗಳ ಕುರ್ಚಿಯ ಹಿಂದೆ ಒಂದಡಿ ಬಿಟ್ಟು, ಅಪ್ಪನ ಕಡೆ ನೋಡುತ್ತಾ ನಿಲ್ಲಲಿ. ಮಗಳ ದೀಪವೇ ಅವರಿಗೂ ಸಾಕು. ಸಾಲ ವಸೂಲಿಗೆ ಬಂದವನು ಮಗಳ ಬೆನ್ನ ಹಿಂದೆ ನಿಲ್ಲುವುದು ದೃಶ್ಯಕ್ಕೂ ಒಳ್ಳೆಯದೇ, ನಿಮ್ಮ ನಾಟಕದಲ್ಲಿ ಅವರು ಬರುವುದು ಸಾಲಕ್ಕಾಗಿಯೇ ಎಂದಾದರೆ.

ಕನ್ನಡಕದ ಬಿಳಿ ಚೌಕಕ್ಕೆ ಕೇರಂ ಹಲಗೆಯ ನ್ಯಾಯ. ಸ್ಟ್ರೈಕರ್ ಅಂಚಿಗೆ ಯಾವ ಕೋನದಲ್ಲಿ ಬಡಿಯುತ್ತದೋ ಅದೇ ಕೋನದಲ್ಲಿ ಮರಳುತ್ತದೆ. ದೀಪ ಗಾಜಿಗೆ ಬಡಿದು ಮರಳುವ ದಾರಿಯಲ್ಲಿ ನಿಮ್ಮ ಕ್ಯಾಮೆರಾ ಕುಳಿತಿದೆ, ಅಷ್ಟೇ. ಸಾಫ್ಟ್‌ಬಾಕ್ಸ್ ಈಗಾಗಲೇ ಎತ್ತರದಲ್ಲಿರುವುದರಿಂದ ಪ್ರತಿಬಿಂಬ ಬಹುಪಾಲು ಕ್ಯಾಮೆರಾದ ಕೆಳಗೆ ಹೋಗುತ್ತದೆ. ಉಳಿದದ್ದಕ್ಕೆ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಅರ್ಧ ಬೆರಳು ಎತ್ತಿಸಿ. ಗಾಜು ನೆಲದ ಕಡೆ ಬಾಗುತ್ತದೆ, ಚೌಕ ಮಾಯವಾಗುತ್ತದೆ. ಎದುರಿನಿಂದ ನೋಡುವವರಿಗೆ ಎತ್ತಿದ್ದು ಗೊತ್ತಾಗುವುದಿಲ್ಲ. ಕೂದಲಿಗೆ ಒಂದು ಪಿನ್ ಹಾಕಿ ನಿಲ್ಲಿಸಬಹುದು.

ಫಿಲ್ (ಮಬ್ಬು ಬದಿಗೆ ತುಂಬುವ ಬೆಳಕು) ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಥರ್ಮಾಕೋಲ್ ಹಾಳೆಗಳೆರಡನ್ನು ಪುಸ್ತಕದಂತೆ ಟೇಪಿನಲ್ಲಿ ಜೋಡಿಸಿದರೆ ತಾನೇ ನಿಲ್ಲುತ್ತದೆ. ಕ್ಯಾಮೆರಾದ ಪಕ್ಕದಲ್ಲಿ ಇಟ್ಟು, ಮಬ್ಬು ಕೆನ್ನೆಗೆ ಎಷ್ಟು ಬೇಕೋ ಅಷ್ಟು ಹತ್ತಿರ ತನ್ನಿ. ತಿರುಗಿ ಬಂದ ಬೆಳಕಿನ ಮೃದುತ್ವಕ್ಕೆ ದೊಡ್ಡ ಉದಾಹರಣೆ ಬೇಕಿದ್ದರೆ, ಛಾಯಾಗ್ರಾಹಕ ಸುಬ್ರತ ಮಿತ್ರ 1956ರ ‘ಅಪರಾಜಿತೊ’ ಚಿತ್ರಕ್ಕೆ ಸ್ಟುಡಿಯೊದಲ್ಲಿ ಕಟ್ಟಿದ ಕಾಶಿಯ ಮನೆಯಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ಕೆಳಗಿನಿಂದ ದೀಪಗಳನ್ನು ಅದಕ್ಕೆ ಹಾಯಿಸಿ, ಮರಳಿದ ಬೆಳಕಿನಲ್ಲೇ ಚಿತ್ರೀಕರಿಸಿದರು. ಸೆಟ್ ಎಂದು ಯಾರಿಗೂ ಅನಿಸಲಿಲ್ಲ. ನಿಮ್ಮಲ್ಲಿ ಅಪ್ಪ ಪತ್ರಿಕೆ ಓದುತ್ತಿದ್ದರೆ, ಅದೇ ಪತ್ರಿಕೆ ಅವರ ಕಣ್ಣಿನ ಕುಳಿಗೆ ಬೆಳಕು ತುಂಬುತ್ತದೆ. ಮೇಜಿಗೆ ತಿಳಿಬಣ್ಣದ ಹಾಸು ಹಾಕಿ.

ಚಿಕ್ಕ ಕೋಣೆಯಲ್ಲಿ ಫಿಲ್ ಕಡಿಮೆಯಾಗುವುದಕ್ಕಿಂತ ಹೆಚ್ಚಾಗುವುದೇ ಜಾಸ್ತಿ. ಫೋಟೊ ಸ್ಟುಡಿಯೊದ ಗೋಡೆಗಳು ಬಿಳಿಯೋ ಗುಲಾಬಿಯೋ ಆಗಿರುತ್ತವೆ. ಬೆಳಕು ಅವಕ್ಕೆಲ್ಲ ಬಡಿದು, ಅವುಗಳ ಬಣ್ಣವನ್ನೂ ಹೊತ್ತು ಮುಖಕ್ಕೆ ಬರುತ್ತದೆ. ಅದಕ್ಕೆ ನನ್ನ ಮದ್ದು ಕಪ್ಪು ಕಂಬಳಿ. ಸಂತೆಯಲ್ಲಿ ಸಿಗುವ ಕುರಿ ಉಣ್ಣೆಯ ಕಂಬಳಿ. ಒಂದು ಹಗ್ಗ ಕಟ್ಟಿ ಫ್ರೇಮ್‌ನ ಆಚೆ, ಮಬ್ಬು ಕೆನ್ನೆಯ ಬದಿಗೆ ನೇತುಹಾಕಿ. ಮುಖದ ನೆರಳಿಗೆ ಆಳ ಬರುತ್ತದೆ. ಖಾಲಿ ಕೋಣೆಯಲ್ಲಿ ಮಾತು ಗಂಯ್‌ಗುಡುವುದೂ ತಗ್ಗುತ್ತದೆ. ಬಾಡಿಗೆಗೆ ಸಿಗುವ ಯಾವ ಕಪ್ಪು ಬಟ್ಟೆಯೂ ಎರಡೂ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿದ್ದು ನಾನು ನೋಡಿಲ್ಲ.

ಹಿನ್ನೆಲೆಯ ಗೋಡೆ ಈಗ ಕತ್ತಲಾಗಿರುತ್ತದೆ. ಅಲ್ಲಿಗೆ ಮನೆಯ ಟೇಬಲ್ ಲ್ಯಾಂಪ್ ಒಂದು, ಒಳಗೆ ಹಳದಿ ಬೆಳಕಿನ ಒಂಬತ್ತು ವ್ಯಾಟ್ ಎಲ್‌ಇಡಿ ಬಲ್ಬ್. ದೂರದ ಹಳದಿ ಮನೆಯಂತೆ ಕಾಣಿಸುತ್ತದೆ. ಮುಖಕ್ಕೆ ಮಾತ್ರ ತಾಗದಿರಲಿ.

ಹ್ಯಾಲೊಜನ್‌ಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಅವುಗಳ ಬೆಳಕಿನ ಬಣ್ಣ 3200 ಕೆಲ್ವಿನ್, ನಿಮ್ಮ ಎಲ್‌ಇಡಿ 5600ರ ಆಸುಪಾಸು. ಅಂಕಿ ಇಳಿದಷ್ಟೂ ಹಳದಿ, ಏರಿದಷ್ಟೂ ನೀಲಿ. ಒಂದು ಕೆನ್ನೆ ಕಿತ್ತಳೆ, ಇನ್ನೊಂದು ನೀಲಿ. ಹೊಂದಿಸಲು ನೀಲಿ ಜೆಲ್ (ದೀಪದ ಮುಂದೆ ಕಟ್ಟುವ ಬಣ್ಣದ ಹಾಳೆ) ಹಾಕಿದರೆ ಮೂರರಲ್ಲಿ ಎರಡು ಪಾಲು ಬೆಳಕು ಜೆಲ್‌ಗೇ ಹೋಗುತ್ತದೆ, ಬಿಸಿ ಮಾತ್ರ ಪೂರ್ತಿ ಉಳಿಯುತ್ತದೆ. 1000 ವ್ಯಾಟ್ ಎಂದರೆ 230 ವೋಲ್ಟ್‌ನಲ್ಲಿ ನಾಲ್ಕು ಆಂಪಿಯರ್ ದಾಟುತ್ತದೆ. ಎರಡನ್ನೂ ಮನೆಯ ಚಿಕ್ಕ ಸಾಕೆಟ್‌ಗೆ ಒಂದೇ ಎಕ್ಸ್‌ಟೆನ್ಶನ್‌ನಿಂದ ಚುಚ್ಚಿದವನು ನಾನು. ಆಲ್ದೂರಿನ ಕಡೆಯ ಒಂದು ತೋಟದ ಮನೆಯಲ್ಲಿ, ಸಂಜೆ ಆರಕ್ಕೆ. ಮೊದಲು ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಆಮೇಲೆ ಮನೆಯೆಲ್ಲ ಕತ್ತಲೆ, ಒಳಗಿನಿಂದ ಅಜ್ಜಿಯೊಬ್ಬರ ‘ಯಾರಪ್ಪ ಅದು?’ ಎಂಬ ದನಿ. ಬೋರ್ಡ್ ಬದಲಿಸಿದ ಖರ್ಚು ನನ್ನದು, ಹೋದ ಒಂದೂವರೆ ಗಂಟೆ ಎಲ್ಲರದು. ಮತ್ತೊಂದು ಮಾತು: ಹ್ಯಾಲೊಜನ್ ಬಳಿ ಬಟರ್ ಪೇಪರ್ ಕಟ್ಟಿದರೆ ಹೊತ್ತಿಕೊಳ್ಳುತ್ತದೆ. ಎಲ್‌ಇಡಿಗೆ ಆ ಭಯ ಕಡಿಮೆ.

ಪಟ್ಟೆಗಳ ಸಂಗತಿ ಸುಲಭ. ನಮ್ಮ ಕರೆಂಟ್ 50 ಹರ್ಟ್ಸ್, ಅದರಲ್ಲಿ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿಡಿಯುತ್ತವೆ. ಮೊಬೈಲನ್ನು ಅದರ ಪಾಡಿಗೆ ಬಿಟ್ಟರೆ ಸೆಕೆಂಡಿಗೆ 30 ಫ್ರೇಮ್, 1/60 ಸೆಕೆಂಡಿನಂಥ ಶಟರ್ ಹಿಡಿಯುವುದುಂಟು, ಆಗ ಮಿಡಿತಕ್ಕೂ ಶಟರ್‌ಗೂ ತಾಳ ತಪ್ಪುತ್ತದೆ. ಮ್ಯಾನ್ಯುಯಲ್ ಮೋಡ್‌ಗೆ ಹೋಗಿ 25 ಫ್ರೇಮ್, 1/50 ಇಡಿ, ವೈಟ್ ಬ್ಯಾಲೆನ್ಸನ್ನು (ಬಣ್ಣದ ಹೊಂದಿಕೆ) 5600ಕ್ಕೆ ಬಿಗಿಯಿರಿ. ಆಟೊ ಎಂಬುದು ಯಾವುದರಲ್ಲೂ ಬೇಡ. ಅಗ್ಗದ ಪ್ಯಾನೆಲ್‌ಗಳಲ್ಲಿ ಉರಿ ತೀರಾ ತಗ್ಗಿಸಿದಾಗಲೂ ಪಟ್ಟೆ ಬರುವುದುಂಟು. ಆಗ ಉರಿ ಏರಿಸಿ ಪಂಚೆಯ ಮಡಿಕೆ ಹೆಚ್ಚಿಸಿ. ಪ್ಯಾನೆಲ್‌ನ ಗುಣ ತಿಳಿಯಲು ಅದರ ಬೆಳಕಿನಲ್ಲಿ ಒಮ್ಮೆ ನಿಮ್ಮ ಅಂಗೈ ಚಿತ್ರೀಕರಿಸಿ ನೋಡಿ. ಅಂಗೈಯ ಕೆಂಪು ಸತ್ತು ಹಸಿರು ಛಾಯೆ ಬಂದರೆ ಆ ದೀಪ ಮುಖಕ್ಕೆ ಯೋಗ್ಯವಲ್ಲ, ಗೋಡೆಗೆ ಕಳಿಸಿ. ಅಪ್ಪನ ಮುಖಕ್ಕೆ ಬೇರೆ ಪ್ಯಾನೆಲ್ ಬಾಡಿಗೆಗೆ ತನ್ನಿ.

ಕಿಟಕಿ ಮುಚ್ಚಿಬಿಡಿ. ರಟ್ಟು, ಕಪ್ಪು ಬಟ್ಟೆ, ಏನಾದರೂ ಸರಿ. ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೊದೊಳಗೆ ತಿರುಗಿಸಿ ಬೆಳಕಿನ ಕೋಲನ್ನೇ ನಿಲ್ಲಿಸಿದ್ದು ನಮಗೆಲ್ಲ ಹೆಮ್ಮೆ. ಆ ಕೋಲು ನಿಂತದ್ದು ಒಂದು ಹಾಡಿನ ಹೊತ್ತಿಗೆ. ನಿಮ್ಮದು ಏಳು ಪುಟದ ಮಾತು, ಪಶ್ಚಿಮದ ಕಿಟಕಿ, ಎರಡರಿಂದ ಆರರ ಹೊತ್ತು. ಎರಡಕ್ಕೆ ಬಿಸಿಲು ಆಗಷ್ಟೇ ಆ ಕಡೆಗೆ ವಾಲಿರುತ್ತದೆ, ಐದಕ್ಕೆ ಅಪ್ಪನ ಮಡಿಲಲ್ಲಿ ಕುಳಿತಿರುತ್ತದೆ. ನಡುವೆ ಹಾಸನದ ಮೋಡಗಳು ಬೇರೆ.

ಇನ್ನು ಆ ನಾಲ್ಕು ಗಂಟೆ. ನೆಲದ ಅಳತೆ ನಿಮಗೆ ಗೊತ್ತಿದೆಯಲ್ಲ, ಶನಿವಾರ ಸಂಜೆ ನಿಮ್ಮದೇ ತಾಲೀಮಿನ ಕೋಣೆಯಲ್ಲಿ ಸುಣ್ಣದ ಗೆರೆ ಎಳೆದು ಇಡೀ ಜೋಡಣೆಯನ್ನು ಒಮ್ಮೆ ಮಾಡಿ. ದೀಪದ ಎತ್ತರ, ಉರಿಯ ಶೇಕಡಾವಾರು, ಕುರ್ಚಿಯಿಂದ ದೂರ, ಎಲ್ಲವನ್ನೂ ಬರೆದುಕೊಳ್ಳಿ. ಕುರ್ಚಿಯಲ್ಲಿ ನಟರೇ ಕೂರಬೇಕೆಂದಿಲ್ಲ, ಅದೇ ಎತ್ತರದ, ಅದೇ ಮೈಬಣ್ಣದ ಯಾರಾದರೂ ಸಾಕು. ಭಾನುವಾರ ನಲವತ್ತು ನಿಮಿಷದಲ್ಲಿ ಎಲ್ಲವೂ ನಿಲ್ಲುತ್ತದೆ. ಆಗ ನಟರು ಪಕ್ಕದಲ್ಲಿ ಮಾತು ಒಪ್ಪಿಸಿಕೊಳ್ಳುತ್ತಿರಲಿ. ಮೊದಲು ಅಗಲದ ಶಾಟ್ ಪೂರ್ತಿ ಏಳು ಪುಟ, ಎರಡು ಸಲ. ಬಳಿಕ ಮಗಳು ಮತ್ತು ಬ್ಯಾಂಕಿನವರ ಕಡೆಯದೆಲ್ಲ, ಕಥೆಯ ಅನುಕ್ರಮ ಮರೆತು. ಆಮೇಲೆ ಕ್ಯಾಮೆರಾ ತಿರುಗಿಸಿ ಅಪ್ಪನದು. ತಿರುಗಿಸುವಾಗ ಥರ್ಮಾಕೋಲ್, ಕಂಬಳಿ ಅತ್ತಿಂದಿತ್ತ ಬರುತ್ತವೆ, ಅದಕ್ಕೆ ಹದಿನೈದು ನಿಮಿಷ. ಅಪ್ಪನ ಮುಖ ಕೊನೆಗಿರಲಿ ಎಂದದ್ದು ಯಾಕೆಂದರೆ ನಾಟಕದ ಹಿರಿಯ ನಟರು ದಣಿದ ಮೇಲೆ ಕ್ಯಾಮೆರಾ ಮುಂದೆ ಇನ್ನಷ್ಟು ಚೆನ್ನಾಗಿರುತ್ತಾರೆ. ಇದು ನನ್ನ ಅನುಭವ, ನಿಯಮವಲ್ಲ.

ರಂಗದವರಿಗೆ ಬೆಳಕು ಹುಡುಕಿ ನಿಲ್ಲುವುದು ರೂಢಿಯಲ್ಲಿರುತ್ತದೆ. ಆದರೆ ಅವರು ಹುಡುಕುವುದು ಕೆನ್ನೆಗೆ ತಾಗುವ ಬಿಸಿಯಿಂದ. ಎಲ್‌ಇಡಿಯಲ್ಲಿ ಆ ಬಿಸಿ ಇಲ್ಲ. ಅವರಿಗೆ ಬೇರೆ ಗುರುತು ಹೇಳಿಕೊಡಿ: ದೀಪದ ಬಿಳಿ ಬಟ್ಟೆ ಎರಡೂ ಕಣ್ಣಿಗೆ ಕಾಣುತ್ತಿದ್ದರೆ ನಿಂತ ಜಾಗ ಸರಿ, ಒಂದೇ ಕಣ್ಣಿಗೆ ಕಂಡರೆ ತುಸು ತಿರುಗಬೇಕು. ಬ್ಯಾಂಕಿನವರ ಕಾಲಿನ ಬಳಿ ಟೇಪಿನ ಗುರುತು ಹಾಕಿ, ಅವರು ಮಾತಿನ ಭರದಲ್ಲಿ ಮುಂದೆ ಬರುವವರು ಎಂದು ನನ್ನ ಗುಮಾನಿ.

ಕರೆಂಟ್ ಹೋದರೆ? ಪ್ಯಾನೆಲ್‌ಗಳಿಗೆ ಬ್ಯಾಟರಿ ಹಾಕಿಯೇ ಇಟ್ಟಿರಿ. ಆ ಹೊತ್ತಿನಲ್ಲಿ ಅಪ್ಪನ ಒಂಟಿ ಕ್ಲೋಸಪ್‌ಗಳನ್ನು ಮುಗಿಸಬಹುದು. ಬೆನ್ನಿನ ಅಂಚು ಇರುವುದಿಲ್ಲ, ಅವರ ಹಿಂದೆ ಥರ್ಮಾಕೋಲ್ ಓರೆಯಾಗಿ ಹಿಡಿಸಿ.

ಎತ್ತರಕ್ಕೆ ಏರಿಸಿದ ಸಾಫ್ಟ್‌ಬಾಕ್ಸ್ ಮುಂದಕ್ಕೆ ವಾಲುತ್ತದೆ, ಅದರ ಕೆಳಗೇ ನಿಮ್ಮ ಹಿರಿಯ ನಟರು ಕುಳಿತಿರುತ್ತಾರೆ. ಸ್ಟ್ಯಾಂಡಿನ ಒಂದು ಕಾಲು ದೀಪದ ಭಾರ ಬೀಳುವ ದಿಕ್ಕಿಗೇ ಇರಬೇಕು, ಅದರ ಎದುರಿನ ಕಾಲುಗಳ ಮೇಲೆ ಮರಳಿನ ಚೀಲ. ಮರಳು ಸಿಗದಿದ್ದರೆ ಹತ್ತು ಕಿಲೊ ಆಲೂಗಡ್ಡೆಯ ಚೀಲ ಇಡಿ. ಹಾಸನದಲ್ಲಿ ಅದಕ್ಕೇನು ಬರ? ಪ್ಯಾಕಪ್ ಆದ ಮೇಲೆ ತಂಡದ ಊಟಕ್ಕೂ ಆದೀತು.